ಅತ್ತೆ ಎದುರು ಕೂತ ದಿನ

ಹಾಸನದಲ್ಲಿ ಈಗ ನಾನಿರುವ ಬೀದಿಯಲ್ಲೇ ಇಬ್ಬರು ಹೆಣ್ಣುಮಕ್ಕಳು ಭವಿಷ್ಯ ಹೇಳುತ್ತಾರೆ. ಒಬ್ಬಳು ಬಣ್ಣದ ಚಿತ್ರಗಳ ಕಾರ್ಡು ಹರಡುತ್ತಾಳೆ, ಅದಕ್ಕೆ ಟ್ಯಾರೋ ಅಂತಾರಂತೆ. ಇನ್ನೊಬ್ಬಳು ಎಲ್ಲವನ್ನೂ ಫೋನಿನಲ್ಲೇ ಮುಗಿಸುತ್ತಾಳೆ. ನಾನು ಹಿಂದೆ ಕವಡೆ ಶಾಸ್ತ್ರ ಹೇಳುತ್ತಿದ್ದವಳು ಎಂದು ಯಾರೋ ಹೇಳಿದ್ದರಿಂದ ಇಬ್ಬರೂ ಒಂದೊಂದು ಸಲ ಬಂದು ಕಾಫಿ ಕುಡಿದು ಹೋಗಿದ್ದಾರೆ. ಇಬ್ಬರೂ ಕೇಳಿದ್ದು ಒಂದೇ. "ಅಜ್ಜಿ, ಇದನ್ನೇ ಕಸುಬು ಮಾಡ್ಕೊಳ್ಳೋಕೆ ನಾನು ತಯಾರಾಗಿದೀನಿ ಅಂತ ನನಗೆ ಹೇಗೆ ಗೊತ್ತಾಗುತ್ತೆ?" ಆ ಹೊತ್ತಿಗೆ ಏನೋ ಹೇಳಿ ಸಾಗಹಾಕಿದೆ. ಆಮೇಲೆ ಮನಸ್ಸು ಕೇಳಲಿಲ್ಲ, ಬರೆಯಲು ಕೂತೆ.

ಕವಡೆಗೆ ನಾಳೆಯದು ಗೊತ್ತೇ ಎಂದು ಮಾತ್ರ ನನ್ನನ್ನು ಕೇಳಬೇಡಿ. ಗೊತ್ತು ಎಂದರೆ ನೀವು ನಗುತ್ತೀರಿ, ಗೊತ್ತಿಲ್ಲ ಎಂದರೆ ನನ್ನ ಅತ್ತೆ ಎಲ್ಲಿದ್ದರೂ ಬೈಯುತ್ತಾರೆ. ಆ ಕೆಲಸ ಹೇಗಿತ್ತು ಎನ್ನುವುದನ್ನಷ್ಟೇ ಹೇಳುತ್ತೇನೆ.

ನನ್ನ ತವರು ಮಲ್ಲಿಪಟ್ಟಣ. ಹೊಲ ಗದ್ದೆ ಬಿಟ್ಟರೆ ಬೇರೇನೂ ಗೊತ್ತಿಲ್ಲದ ಮನೆ. ಮಿಡ್ಲ್‌ಸ್ಕೂಲು ಮುಗಿಸಿದ್ದೆ ಎನ್ನುವುದೇ ನನ್ನ ಹೆಚ್ಚುಗಾರಿಕೆ. ಐವತ್ತರ ದಶಕದ ಮೊದಲಲ್ಲಿ ಮದುವೆಯಾಗಿ ಹೊಳೆನರಸೀಪುರಕ್ಕೆ ಬಂದೆ. ಅತ್ತೆ ಕೆಂಪಮ್ಮನವರು ಸಂತೆಯಲ್ಲಿ ಕೂತು ಕವಡೆ ಬಿಡುತ್ತಾರೆ ಎನ್ನುವುದನ್ನು ನಮ್ಮಪ್ಪನಿಗೆ ಯಾರೂ ಹೇಳಿರಲಿಲ್ಲ. ಮದುವೆಯಾದ ತಿಂಗಳಿಗೆ ಅಪ್ಪ ಅರಕಲಗೂಡು ಸಂತೆಗೆ ಹೋದಾಗ, ಹುಣಸೆ ಮರದಡಿ ಚಾಪೆ ಹಾಸಿಕೊಂಡು ಯಾರಿಗೋ ಶಾಸ್ತ್ರ ಹೇಳುತ್ತಿದ್ದ ಬೀಗಿತ್ತಿಯನ್ನು ಕಣ್ಣಾರೆ ಕಂಡರು. ಕಂಡೂ ಕಾಣದವರ ಹಾಗೆ ಬರಬೇಕಾಗಿತ್ತು. ಆದರೆ ಅತ್ತೆ ಬಿಡಬೇಕಲ್ಲ! "ಬನ್ನಿ ಬೀಗ್ರೇ, ಕೂತ್ಕಳಿ, ನಿಮ್ಗೂ ಒಂದ್ ದಪ ಬುಡ್ತೀನಿ" ಎಂದು ಸಂತೆಯೆಲ್ಲ ಕೇಳುವಂತೆ ಕೂಗಿದರಂತೆ. ಅಪ್ಪ ಒಂದು ವರ್ಷ ಆ ಸಂತೆಯ ಕಡೆ ತಲೆ ಹಾಕಲಿಲ್ಲ.

ಅಪ್ಪನಿಗಿಂತ ಹೆಚ್ಚು ನಾಚಿಕೆಯಾಗುತ್ತಿದ್ದದ್ದು ನಮ್ಮ ಯಜಮಾನರಿಗೆ. ಅವರು ಅತ್ತೆಗೆ ಒಬ್ಬನೇ ಮಗ. ಮಾವ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಮನೆ ನಡೆಯುತ್ತಿದ್ದದ್ದೇ ಕವಡೆಯಿಂದ. ಆದರೂ ಸ್ನೇಹಿತರ ಎದುರು "ಕವಡೆ ಕೆಂಪಮ್ಮನ ಮಗ" ಎನಿಸಿಕೊಳ್ಳುವುದು ಅವರಿಗೆ ಆಗುತ್ತಿರಲಿಲ್ಲ. ಮದುವೆಯಾದ ಎರಡನೇ ವರ್ಷ, ಒಂದು ಬೆಳಿಗ್ಗೆ ಮುದ್ದೆ ಮುರಿಯುತ್ತಿದ್ದವರು ತಟ್ಟೆ ತಳ್ಳಿ ಎದ್ದರು.

"ಇದ್ನ ಬುಟ್ಬುಡವ್ವ. ಇಲ್ಲಾಂದ್ರೆ ನಾನೇ ಮನೆ ಬುಟ್ಟೋಯ್ತೀನಿ."

ಅತ್ತೆ ಒಲೆಯ ಮುಂದಿನಿಂದ ತಿರುಗಿಯೂ ನೋಡಲಿಲ್ಲ. "ಓಗು. ಓಗಿ ನೋಡ್ಕಂಡ್ ಬಾ, ಊರು ಎಷ್ಟ್ ದೊಡ್ಡದೈತೆ ಅಂತ."

ಹೋದರು. ಸಂಜೆಗೆ ಬರುತ್ತಾರೆ ಎಂದುಕೊಂಡೆವು. ಆರು ವಾರದ ಮೇಲೆ ಹುಬ್ಬಳ್ಳಿಯಿಂದ ಒಂದು ಕಾರ್ಡು ಬಂತು. ಮರುವರ್ಷ ಬೊಂಬಾಯಿಯಿಂದ ಇನ್ನೊಂದು. ಎರಡೂ ನನ್ನ ಹೆಸರಿಗೆ. ಎರಡರಲ್ಲೂ ಅಮ್ಮನ ಬಗ್ಗೆ ಒಂದಕ್ಷರವಿರಲಿಲ್ಲ. ಅತ್ತೆಗೆ ಓದು ಬರದಿದ್ದರಿಂದ "ಅಮ್ಮನ ಆರೋಗ್ಯ ನೋಡಿಕೋ" ಎಂದು ಎರಡನೇ ಕಾರ್ಡಿಗೆ ಒಂದು ಸಾಲು ನಾನೇ ಸೇರಿಸಿ ಓದಿದೆ. ಅವರು ಕಾರ್ಡನ್ನು ಇಸಿದುಕೊಂಡು, ಆ ಸಾಲು ಎಲ್ಲಿದೆ ತೋರಿಸು ಎಂದರು. ಯಾವುದೋ ಸಾಲಿನ ಮೇಲೆ ಬೆರಳಿಟ್ಟೆ. ಅದಾದ ಮೇಲೆ ಕಾರ್ಡೂ ಇಲ್ಲ, ಸುದ್ದಿಯೂ ಇಲ್ಲ.

ಮನೆಯಲ್ಲಿ ಒಬ್ಬಳೇ ಕೂತರೆ ಬಾಗಿಲ ಕಡೆಯೇ ಕಣ್ಣು ಹೋಗುತ್ತಿತ್ತು. ಬೀದಿಯಲ್ಲಿ ಗಂಡಸರ ಚಪ್ಪಲಿ ಸದ್ದಾದರೆ ಎದ್ದು ಬಂದು ನೋಡುತ್ತಿದ್ದೆ. ಅದನ್ನು ತಡೆಯಲಾರದೆ ಅತ್ತೆಯ ಹಿಂದೆ ಸಂತೆಗೆ ಹೊರಟೆ. ನನ್ನನ್ನು ಈ ಕಸುಬಿಗೆ ಯಾವ ದೇವರೂ ಕರೆಯಲಿಲ್ಲ.

ಅತ್ತೆಯ ಬಳಿ ಒಂಬತ್ತು ಕವಡೆ. ಅವರ ತಾಯಿಯ ಕೈಯಿಂದ ಬಂದವು, ಮುಟ್ಟಿ ಮುಟ್ಟಿ ಬೆನ್ನು ನಯವಾಗಿದ್ದವು. ಕೇಳಲು ಬಂದವರು ಚಾಪೆಯ ಆಚೆ ಕೂರಬೇಕು, ಹೇಳುವವರು ಈಚೆ, ನಡುವೆ ಒಂದು ಮೊರ. ಕವಡೆಯನ್ನು ಮೊರದಲ್ಲಿ ಬಿಟ್ಟು, ಎಷ್ಟು ಬಾಯಿ ಮೇಲಾಗಿವೆ, ಎಷ್ಟು ಮಗುಚಿವೆ, ಯಾವುದು ಯಾವ ದಿಕ್ಕಿಗೆ ತಿರುಗಿದೆ ಎಂದು ನೋಡಿ ಹೇಳುವುದು. ಲೆಕ್ಕವನ್ನು ನಾನು ಮೂರು ತಿಂಗಳಲ್ಲಿ ಕಲಿತೆ. ಇನ್ನೇನಿದೆ ಕಲಿಯಲು ಎಂದುಕೊಂಡೆ. ನಾಲ್ಕು ವರ್ಷ ಚಾಪೆ ಹಾಸುವುದು, ಜನರನ್ನು ಕೂರಿಸುವುದು, ನೀರು ತರುವುದು, ಇಷ್ಟೇ ಆಯಿತು.

ಅತ್ತೆಯ ಕಟ್ಟಳೆಗಳು ಗಟ್ಟಿ. ಮನೆ ಮಾತಿಗೆ, ಅಂದರೆ ತಮ್ಮದೇ ಮನೆಯವರ ವಿಷಯಕ್ಕೆ, ಕವಡೆ ಬಿಡಬಾರದು, ಬಿಟ್ಟರೆ ಆಸೆ ಕೈಯಲ್ಲಿ ಸೇರಿಕೊಂಡು ಸುಳ್ಳು ಹೇಳಿಸುತ್ತದೆ ಎನ್ನುವರು. ಹೇಳುವವಳು ಇನ್ನೊಬ್ಬರ ಮುಂದೆ ಹೋಗಿ ಕೇಳಲೂಬಾರದು. ಕೇಳಿದಳೋ, ಮಾರನೇ ದಿನದಿಂದ ಅವಳನ್ನು ಯಾರೂ ನಂಬುವುದಿಲ್ಲ. ಇದಕ್ಕೆ ಇದ್ದದ್ದು ಒಂದೇ ವಿನಾಯಿತಿ. ಕಲಿಯುವವಳು ತಯಾರಾದಳು ಎಂದು ಕಲಿಸಿದವಳಿಗೆ ಅನ್ನಿಸಿದ ದಿನ, ಅವಳೇ ಸ್ನಾನ ಮಾಡಿ, ಎಲೆ ಅಡಿಕೆ ಹಿಡಿದು ಬಂದು ಚಾಪೆಯ ಆಚೆ ಕಡೆ ಕೂರುತ್ತಾಳೆ. ಒಂದು ಪ್ರಶ್ನೆ ಕೇಳುತ್ತಾಳೆ. ಕಲಿತವಳು ಅವಳಿಗೆ ಕವಡೆ ಬಿಡಬೇಕು. ಅದಕ್ಕೆ ಎದುರು ಕೂರೋದು ಅಂತ ಹೆಸರು. ಜೀವಮಾನಕ್ಕೆ ಒಂದೇ ಸಲ. ನನಗೆ ನಾಲ್ಕು ವರ್ಷವೂ ಆ ದಿನದ್ದೇ ಕನಸು. ಅತ್ತೆ ಬೆಳಿಗ್ಗೆ ಸ್ವಲ್ಪ ಬೇಗ ಸ್ನಾನ ಮಾಡಿದರೆ ಸಾಕು, ಎಲೆ ಅಡಿಕೆ ಹಿಡಿದಿದ್ದಾರಾ ಎಂದು ಇಣುಕಿ ನೋಡುತ್ತಿದ್ದೆ.

ಅಲ್ಲಿಯವರೆಗೆ ತಡೆಯಲಾರದೆ ಒಮ್ಮೆ ಕೈ ಹಾಕಿದೆ. ಅರಕಲಗೂಡು ಸಂತೆ. ಅತ್ತೆ ಎಲೆ ಅಡಿಕೆ ತರಲು ಎದ್ದು ಹೋಗಿದ್ದಾಗ ಒಬ್ಬ ರೈತ ಬಂದು ಕೂತ. ಎತ್ತು ಕಾಣುತ್ತಿಲ್ಲ, ಎಲ್ಲಿದೆ ಹೇಳವ್ವ ಅಂದ. ಅತ್ತೆ ಬರುವುದರೊಳಗೆ ಮುಗಿಸಿಬಿಡೋಣ ಎಂದು ಕವಡೆ ಬಿಟ್ಟೆ, ಎಣಿಸಿದೆ. "ಮೂಡ್ಲ ಕಡೀಕೆ ಐತೆ, ಮೂರ್ ದಿನ್ದಾಗೆ ಸಿಕ್ತದೆ" ಎಂದೆ. ಅವನ ಮುಖ ಬಾಡಿತು. ಎದ್ದು ಹೋದ. ಮುಂದಿನ ಸಂತೆಗೆ ರೇಗಿಕೊಂಡೇ ಬಂದ.

"ಮೂಡ್ಲಾಗೆ ಅಂದ್ಬುಟ್ಟಲ್ಲವ್ವ, ನಮ್ಮಣ್ಣನ ಮನೆ ಇರೋದು ಪಡುವ್ಲಾಗೆ!"

ಅತ್ತೆ ನನ್ನ ಕಡೆ ಒಂದು ನೋಟ ನೋಡಿದರು. ಅವನನ್ನು ಕೂರಿಸಿ, ನೀರು ಕೊಟ್ಟು, ಕವಡೆ ಮುಟ್ಟದೆಯೇ ಕೇಳಿದರು. "ಅಣ್ಣ ಮಾತು ಬುಟ್ಟು ಎಷ್ಟ್ ವರ್ಸ ಆಯ್ತಪ್ಪಾ?" ಆ ಗಂಡಸು ಸಂತೆಯ ನಡುವೆ ಕಣ್ಣೀರು ಹಾಕಿದ. ಎತ್ತನ್ನು ಅಣ್ಣ ಕಟ್ಟಿಕೊಂಡಿದ್ದಾನೆ ಎನ್ನುವುದು ಅವನಿಗೆ ಮೊದಲೇ ಗೊತ್ತಿತ್ತು. ಹೋಗಿ ಕೇಳಿದರೆ ಅಣ್ಣ ಬಾಗಿಲು ತೆಗೆಯುತ್ತಾನಾ ಎನ್ನುವುದೇ ಅವನ ಪ್ರಶ್ನೆ. ಅವನು ಹೋದ ಮೇಲೆ ಅತ್ತೆ ಬೈಯಲಿಲ್ಲ, ಅದಕ್ಕೇ ಹೆಚ್ಚು ನೋವಾಯಿತು.

"ಎತ್ತು ಉಡುಕ್ತಿರೋನು ಕೈನಾಗೆ ಅಗ್ಗ ಇಲ್ದೆ ಬತ್ತಾನೇನಮ್ಮಿ? ಕವಡೆ ಆಮೇಕ್ ನೋಡು. ಮೊದ್ಲು ಕೇಳೋರ ಕೈ ನೋಡು."

ಇನ್ನೊಂದು ಪ್ರಸಂಗ ಹಾಸನದ್ದು. ಕೋಟು ಹಾಕಿದ ಒಬ್ಬ ಗುಮಾಸ್ತರು ಹೆಂಡತಿಯ ಕಾಯಿಲೆ ವಾಸಿಯಾಗುತ್ತದಾ ಎಂದು ಕೇಳಿದರು. ಅತ್ತೆ ಕವಡೆ ಬಿಟ್ಟು, ಬಹಳ ಹೊತ್ತು ನೋಡಿ, "ನಂಗೆ ಕಾಣ್ತಿಲ್ಲ ಸಾ" ಎಂದು ಅವರು ಕಾಣಿಕೆಯಾಗಿ ಇಟ್ಟಿದ್ದ ಎಲೆ ಅಡಿಕೆ ವಾಪಸು ಕೊಟ್ಟರು. "ಆಸ್ಪತ್ರೆಗೆ ಕರ್ಕಂಡೋಗಿ. ಅವ್ರ ಪಕ್ಕ ಕೂತ್ಕಳಿ." ಬಸ್ಸಿನಲ್ಲಿ ನಾನು ಕೇಳಿದೆ, ವಾಸಿಯಾಗುತ್ತೆ ಅಂದಿದ್ದರೆ ಅವರಿಗೆ ಸಮಾಧಾನವಾದರೂ ಆಗುತ್ತಿತ್ತಲ್ಲ ಎಂದು. "ಸಮಾಧಾನ ಏಳೋಕೆ ನಂಟ್ರು ಅವ್ರೆ, ನಮ್ ತಾವ್ಕೆ ಯಾಕ್ ಬತ್ತಾರೆ?" ಅಂದರು. ಕಾಣುತ್ತಿಲ್ಲ ಎಂದು ಹೇಳಲು ಎಷ್ಟು ಗಟ್ಟಿತನ ಬೇಕು ಎನ್ನುವುದು ನನಗೆ ಆಮೇಲೆ ತಿಳಿಯಿತು. ನಾನು ಆ ಮಾತನ್ನು ಮೊದಲ ಸಲ ಹೇಳುವ ಹೊತ್ತಿಗೆ ನನಗೆ ಮೂವತ್ತು ದಾಟಿತ್ತು.

ನಾಲ್ಕನೇ ವರ್ಷದ ಕೊನೆಗೆ ಆ ದಿನ ಬಂತು. ನಾನು ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಅತ್ತೆ ಹೊಳೆಯಲ್ಲಿ ಮಿಂದು ಬಂದು, ಮಗನ ಮದುವೆಗೆ ಉಟ್ಟಿದ್ದ ಸೀರೆ ಉಟ್ಟು, ಎಲೆ ಅಡಿಕೆ ತಟ್ಟೆ ಹಿಡಿದು ಪಡಸಾಲೆಗೆ ಬಂದರು. ಚಾಪೆ ಅವರೇ ಹಾಸಿದರು. ಆಚೆ ಕಡೆ ಕೂತರು. ನಾನು ಕೈ ತೊಳೆದೆನೋ ಇಲ್ಲವೋ ನೆನಪಿಲ್ಲ, ಓಡಿಬಂದು ಈಚೆ ಕೂತೆ. ಕವಡೆ ಕೈಗೆ ಬಂದಾಗ ಕುಣಿಯುವಷ್ಟು ಸಂತೋಷ.

"ಏನ್ ಕೇಳೋಕ್ ಬಂದ್ರಿ ತಾಯಿ?" ಎಂದೆ, ಥೇಟ್ ಅವರದೇ ಧಾಟಿಯಲ್ಲಿ.

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು. "ಊರ್ ಬುಟ್ಟೋದ ಮಗ ಒಬ್ಬ ಅವ್ನೆ ಕಣವ್ವ. ನಾನೇ ಓಗು ಅಂದ್ಬುಟ್ಟೆ. ಬತ್ತಾನಾ ಅಂತ ಕೇಳಾಕ್ ಬಂದೆ."

ನನ್ನ ಕೈ ಮೊರದ ಮೇಲೆಯೇ ನಿಂತಿತು. ಆ ಗಳಿಗೆಯಲ್ಲಿ ತಲೆಗೆ ಹೊಳೆದದ್ದು ಒಂದೇ. ಇದು ಪರೀಕ್ಷೆ. ಮನೆ ಮಾತಿಗೆ ಕವಡೆ ಬಿಡುತ್ತೇನೋ ಇಲ್ಲವೋ ಎಂದು ನೋಡುತ್ತಿದ್ದಾರೆ. ಎಂಥ ಉಪಾಯ ಮಾಡಿದ್ದಾರೆ ನಮ್ಮತ್ತೆ, ನಾನು ಸಿಕ್ಕಿಹಾಕಿಕೊಳ್ಳುತ್ತೇನಾ! ಕವಡೆಗಳನ್ನು ಸದ್ದಾಗದಂತೆ ಮೊರದಲ್ಲಿಟ್ಟೆ.

"ಇದು ಮನೆ ಮಾತು ಅತ್ತೆಮ್ಮ. ಮನೆ ಮಾತ್ಗೆ ಕವಡೆ ಬುಡ್ಬಾರ್ದು ಅಂತ ನೀವೇ ಏಳ್ಕೊಟ್ಟಿದ್ದೀರಿ. ನಾನು ಬುಡಾಕಿಲ್ಲ."

ಅತ್ತೆ ಕವಡೆಗಳನ್ನೇ ನೋಡುತ್ತಾ ಕೂತರು. ಹೊರಗೆ ಯಾರೋ ಎಮ್ಮೆ ಹೊಡೆದುಕೊಂಡು ಹೋದರು. ಅದರ ಗಂಟೆಯ ಸದ್ದು ಬೀದಿಯ ಕೊನೆ ಮುಟ್ಟಿತು.

"ಸರಿ ಕಣಮ್ಮಿ. ಕಲ್ತಿದ್ದೀಯ" ಎಂದರು. ಕವಡೆ ಚೀಲವನ್ನು ನನ್ನ ಮಡಿಲಿಗೆ ಹಾಕಿ, ಮಂಡಿಯ ಮೇಲೆ ಕೈಯೂರಿ ಎದ್ದರು.

ಆವತ್ತು ಮಧ್ಯಾಹ್ನ ನಾನು ಶ್ಯಾವಿಗೆ ಪಾಯಸ ಮಾಡಿದೆ. ಅತ್ತೆ ಎರಡು ಗುಟುಕು ಕುಡಿದು, ಹೊಟ್ಟೆ ಸರಿಯಿಲ್ಲ ಎಂದು ಲೋಟ ಪಕ್ಕಕ್ಕಿಟ್ಟರು. ಉಳಿದದ್ದನ್ನು ನಾನೇ ಕುಡಿದೆ. ಅಷ್ಟು ಖುಷಿ ನನಗೆ.

ಅಲ್ಲಿಂದ ಮುಂದೆ ಹೇಳುವವಳು ನಾನು, ಚಾಪೆ ಹಾಸುವವರು ಅವರು. ಅರವತ್ತರ ದಶಕ ಬರುವ ಹೊತ್ತಿಗೆ ಕಸುಬೂ ಬದಲಾಯಿತು. ಮೊದಲು ಎತ್ತು, ಮೂಗುಬೊಟ್ಟು, ಮಳೆ ಕೇಳುತ್ತಿದ್ದ ಜನ ಈಗ ಎಸ್ಸೆಸ್ಸೆಲ್ಸಿ ಪಾಸಾಗುತ್ತದಾ, ವರ್ಗ ಆಗುತ್ತದಾ ಎಂದು ಕೇಳತೊಡಗಿದರು. ಚನ್ನರಾಯಪಟ್ಟಣದಲ್ಲಂತೂ ಹುಡುಗರು ಪರೀಕ್ಷೆಯ ನಂಬರನ್ನೇ ಬರೆದು ತರುತ್ತಿದ್ದರು, ಕವಡೆಗೆ ಅದು ಬೇಕೇನೋ ಎನ್ನುವ ಹಾಗೆ. ಸಂತೆಯಲ್ಲಿ ಕೂರುವುದು ಕಡಿಮೆಯಾಗಿ ಜನ ಮನೆಗೇ ಬರಲಾರಂಭಿಸಿದರು. ಬಾಗಿಲು ತಟ್ಟಿದಾಗೆಲ್ಲ ನನಗೂ ಅತ್ತೆಗೂ ಒಟ್ಟಿಗೆ ತಲೆ ಎತ್ತುವ ಅಭ್ಯಾಸ. ಕೇಳಲು ಬಂದವರು ಎಂದು ತಿಳಿದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಹೀಗೆ ಐದಾರು ವರ್ಷ ಕಳೆದ ಮೇಲೆ ನುಗ್ಗೇಹಳ್ಳಿಯಿಂದ ಕರೆ ಬಂತು. ಹಾಸಿಗೆ ಹಿಡಿದ ಒಬ್ಬ ಮುದುಕಿ, ಎದ್ದು ಬರಲಾರಳು, ಅಲ್ಲಿಗೇ ಬರಬೇಕು ಎಂದು. ಇಬ್ಬರೂ ಹೋದೆವು. ಆಕೆಯ ಮಗ ಪಟಾಲಮ್ಮಿಗೆ ಸೇರಿ ಸಿಪಾಯಿಯಾಗುತ್ತೇನೆಂದು ಹೋದವನು ಕಾಗದ ಬರೆದಿರಲಿಲ್ಲ. ಬರುತ್ತಾನಾ ಎಂದು ಕೇಳಿದಳು. ನಾನು ಆಕೆಯ ಕೈ ನೋಡಿದೆ. ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಕವಡೆ ಬಿಟ್ಟೆ. ಏಳು ಬಾಯಿ ಮೇಲಾಗಿ ಬಿದ್ದವು. "ಬತ್ತಾನೆ ಕಣವ್ವ" ಎಂದೆ. ಆಕೆ ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

ಹಿಂದಿರುಗುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಕೂತಿದ್ದರು. ತೆಂಗಿನ ತೋಟಗಳು ಮುಗಿದು ಬಯಲು ಬಂತು. ಹೊರಗೇ ನೋಡುತ್ತಾ ಕೇಳಿದರು.

"ಆ ಯಮ್ಮಂಗೆ ಏಳಿದ್ಯಲ್ಲ, ಕವಡೆ ದಿಟ್ವಾಗ್ಲೂ ಅಂಗೇ ಬಿದ್ದಿತ್ತಾ?"

"ಬಿದ್ದಿತ್ತು ಅತ್ತೆಮ್ಮ."

"ಅವತ್ತು ನಂಗೂ ಅಂಗೇ ಬೀಳ್ತಿತ್ತೇನೋ."

ಅಷ್ಟೇ ಅಂದದ್ದು. ಅವರ ಸೆರಗಿನ ತುದಿ, ಮದುವೆಯ ಸೀರೆ, ಪಕ್ಕಕ್ಕಿಟ್ಟ ಪಾಯಸ, ಎಲ್ಲ ಒಟ್ಟಿಗೆ ಕಣ್ಣಿಗೆ ಬಂದವು. ಅವರು ಪರೀಕ್ಷೆ ಮಾಡಿರಲಿಲ್ಲ. ಕೇಳಿದ್ದರು. ಇನ್ನೊಬ್ಬರ ಮುಂದೆ ಕೂರುವಂತಿಲ್ಲ, ತಾನೇ ಬಿಟ್ಟುಕೊಳ್ಳುವಂತಿಲ್ಲ. ತನ್ನ ಮಗ ಬರುತ್ತಾನಾ ಎಂದು ಒಂದೇ ಒಂದು ಸಲ ಕೇಳಲಿಕ್ಕಾಗಿ ನಾಲ್ಕು ವರ್ಷ ಕೂತು ನನ್ನ ಕೈ ಪಳಗಿಸಿದ್ದರು. ತಾನೇ ಹಾಕಿದ ಕಟ್ಟಳೆಯನ್ನು ಆ ಒಂದು ದಿನಕ್ಕೆ ಮುರಿಯಲು ಗಟ್ಟಿ ಮನಸ್ಸು ಮಾಡಿ ಬಂದು ಕೂತಿದ್ದರು. ನಾನು ಅದೇ ಕಟ್ಟಳೆಯನ್ನು ಅವರ ಮುಖಕ್ಕೆ ಹಿಡಿದೆ.

"ಮನೇಗೋದ ತಕ್ಷಣ ಬುಡ್ತೀನಿ ಅತ್ತೆಮ್ಮ. ನೀವ್ ಕೂತ್ಕಳಿ. ಯಾರ್ ನೋಡ್ತಾರೆ?"

"ಬ್ಯಾಡ ಕಣಮ್ಮಿ" ಎಂದು ನನ್ನ ತೊಡೆಯ ಮೇಲೆ ಕೈಯಿಟ್ಟರು. "ಅವತ್ತು ಕೇಳಾಕೆ ಧೈರ್ಯ ಬರೋಕೇ ನಾಕ್ ವರ್ಸ ಬೇಕಾಯ್ತು. ಇನ್ನೊಂದ್ ದಪ ಬರಾಕಿಲ್ಲ."

ನಾನು ಅತ್ತುಬಿಟ್ಟೆ. ಕಂಡಕ್ಟರು ಏನಾಯ್ತವ್ವ ಎಂದು ಕೇಳಿದ. ಅತ್ತೆಯೇ "ಕಣ್ಗೆ ದೂಳ್ ಬಿತ್ತು" ಎಂದು ಹೇಳಿ ಕಳಿಸಿದರು.

ನಾನು ಆ ದಿನ ಕವಡೆ ಕೆಳಗಿಟ್ಟದ್ದು ಬರೀ ಕಟ್ಟಳೆಗಾಗಿಯೇ ಎಂದರೆ ಅದೂ ಪೂರ್ತಿ ನಿಜವಲ್ಲ. ಬರುವುದಿಲ್ಲ ಎಂದು ಬಿದ್ದುಬಿಟ್ಟರೆ ಎಂಬ ಭಯ ನನಗೂ ಇತ್ತು. ಆ ಭಯಕ್ಕೆ ಕಟ್ಟಳೆಯ ಸೀರೆ ಉಡಿಸಿದೆ. ಈ ಕೆಲಸಕ್ಕೆ ಬರುವ ಮಕ್ಕಳು ಇದನ್ನು ತಿಳಿದುಕೊಳ್ಳಬೇಕು. ನೀವು ಎಲ್ಲ ಲೆಕ್ಕ ಕಲಿಯಬಹುದು, ಎಲ್ಲ ಚಿತ್ರದ ಅರ್ಥ ಬಾಯಿಪಾಠ ಮಾಡಬಹುದು. ಎದುರು ಕೂತವರು ಬಾಯಿ ಬಿಟ್ಟಾಗ, ನಾನು ಪಾಸಾದೆನಾ ಎನ್ನುವ ಯೋಚನೆ ನಿಮ್ಮ ತಲೆಯಲ್ಲಿ ಒಂದಿಷ್ಟಾದರೂ ಇದ್ದರೆ, ಇನ್ನೂ ಸ್ವಲ್ಪ ದಿನ ಚಾಪೆ ಹಾಸಿಕೊಂಡಿರಿ. ಕಲಿಸಿದವರು ಸೈ ಅಂದರೂ ನಂಬಬೇಡಿ. ನನಗೆ ಸೈ ಅಂದ ದಿನವೇ ನಾನು ತಯಾರಾಗಿರಲಿಲ್ಲ.

ಅತ್ತೆ ಅದಾದ ಮೂರನೇ ವರ್ಷ ತೀರಿಕೊಂಡರು. ಕೊನೆಯ ದಿನಗಳಲ್ಲಿ ಮಗನ ಹೆಸರನ್ನು ಒಮ್ಮೆಯೂ ಎತ್ತಲಿಲ್ಲ. ಬಾಗಿಲನ್ನು ಪೂರ್ತಿ ಮುಚ್ಚಬೇಡ, ಗಾಳಿ ಬರಲಿ ಎನ್ನುತ್ತಿದ್ದರು. ಚಳಿಗಾಲವಾದರೂ ನಾನು ಮುಚ್ಚಲಿಲ್ಲ.

ತಿಥಿ ಮುಗಿದು ನೆಂಟರೆಲ್ಲ ಹೊರಟುಹೋದ ಮಾರನೇ ಬೆಳಿಗ್ಗೆ, ಹೊಳೆಯಲ್ಲಿ ಮಿಂದು ಬಂದೆ. ಪಡಸಾಲೆಯಲ್ಲಿ ಚಾಪೆ ಹಾಸಿ ಮೊರ ಇಟ್ಟೆ. ಅವರು ಕೇಳಿದ್ದನ್ನು ಅವರದೇ ಮಾತಿನಲ್ಲಿ ಬಾಯಿಬಿಟ್ಟು ಹೇಳಿ, ಕವಡೆ ಬಿಟ್ಟೆ. ಎಂಟು ಬಾಯಿ ಮೇಲಾಗಿ ಬಿದ್ದವು, ಒಂದು ಮಾತ್ರ ಮಗುಚಿ, ಅದೂ ಬಾಗಿಲ ಕಡೆ ತಿರುಗಿ. ನನ್ನ ಇಡೀ ಕಸುಬಿನಲ್ಲಿ ಅಷ್ಟು ಚೆನ್ನಾಗಿ ಬಿದ್ದದ್ದನ್ನು ನಾನು ಕಂಡಿಲ್ಲ. ಆಸೆ ಕೈಯಲ್ಲಿ ಸೇರಿಕೊಂಡಿತ್ತೋ ಏನೋ, ನನಗೆ ಗೊತ್ತಿಲ್ಲ. ನಮ್ಮ ಯಜಮಾನರಂತೂ ಇವತ್ತಿನವರೆಗೂ ಬಂದಿಲ್ಲ. ಆದರೆ ಆ ಗಳಿಗೆಯಲ್ಲಿ ಅದ್ಯಾವುದೂ ತಲೆಗೆ ಬರಲಿಲ್ಲ. "ಬತ್ತಾನೆ ಕಣತ್ತೆಮ್ಮ" ಎಂದು ಹೇಳುತ್ತಲೇ ತಲೆ ಎತ್ತಿದೆ, ಅವರ ಮುಖ ನೋಡೋಣವೆಂದು.